ಕಲ್ಪಿತ ಗಣಕವೂ ಕಾಣದ ಕಡತವೂ

ಯಂತ್ರವೊಂದು ಕೆಟ್ಟು ನಿಂತಾಗ ಅದನ್ನು ಸರಿಪಡಿಸುವ ಮಾರ್ಗಗಳು ಎರಡು. ಕೆಟ್ಟಿರುವುದು ಎಲ್ಲಿ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಅದೊಂದನ್ನೇ ತಿದ್ದುವುದು ಒಂದು ಮಾರ್ಗ. ಕೈಗೆ ಸಿಕ್ಕ ತಿರುಪುಗಳನ್ನೆಲ್ಲ ತಿರುಗಿಸುತ್ತ ಹೋಗಿ, ಯಂತ್ರವು ಹೇಗೋ ನಡೆಯತೊಡಗಿದ ಕ್ಷಣದಲ್ಲಿ ಕೈಬಿಡುವುದು ಇನ್ನೊಂದು. ಎರಡನೆಯ ಮಾರ್ಗದಿಂದ ಯಂತ್ರ ನಡೆದರೂ ನಡೆಯಬಹುದು. ಆದರೆ ಅದು ಏಕೆ ನಿಂತಿತ್ತು, ಏಕೆ ನಡೆಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಅನಾವಶ್ಯಕವಾಗಿ ತಿರುಗಿಸಿದ ತಿರುಪುಗಳು ಯಾವುವೆಂಬುದೂ ನೆನಪಿನಲ್ಲಿ ಉಳಿಯುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಂಥ ಚಿಕಿತ್ಸೆಗೆ ಚೆನ್ನಾಗಿ ಒಪ್ಪುತ್ತದೆ.

ಗಣಕಗಳ ಜಾಲದಲ್ಲಿ ಈ ಎರಡನೆಯ ಮಾರ್ಗವು ಕೇವಲ ಒರಟು ಮಾರ್ಗವಲ್ಲ, ಅಪಾಯದ ಮಾರ್ಗವೂ ಹೌದು. ಅಲ್ಲಿ ನಾವು ತಿರುಗಿಸುವ ಎಷ್ಟೋ ತಿರುಪುಗಳು ನಿಜವಾಗಿ ಕಾವಲಿನ ಅಗುಳಿಗಳು. ಇದನ್ನು ಮನಗಾಣಲು ಒಂದು ಸಾಮಾನ್ಯ ತೊಂದರೆಯನ್ನು ತೆಗೆದುಕೊಂಡು ಬುಡದಿಂದ ತುದಿಯವರೆಗೆ ಪರೀಕ್ಷಿಸೋಣ. ಗಣಕದೊಳಗೆ ನಡೆಯುತ್ತಿರುವ ಮತ್ತೊಂದು ಗಣಕಕ್ಕೆ, ಅದೇ ಕಛೇರಿಯ ಬೇರೊಂದು ಗಣಕದಲ್ಲಿ ಹಂಚಿಕೆಗೆಂದು ತೆರೆದಿಟ್ಟ ಫೋಲ್ಡರ್ ಕಾಣುವುದಿಲ್ಲ. ತೊಂದರೆ ಇಷ್ಟೇ.

ಗಣಕದೊಳಗಿನ ಗಣಕ

ಒಂದು ಗಣಕದ ಸ್ಮೃತಿ, ಡಿಸ್ಕು, ಸಂಸ್ಕಾರಕ ಇವುಗಳ ಒಂದಂಶವನ್ನು ಬೇರ್ಪಡಿಸಿ, ಅಷ್ಟರಲ್ಲಿಯೇ ಸ್ವತಂತ್ರವಾದ ಮತ್ತೊಂದು ಗಣಕವಿದೆಯೆಂಬಂತೆ ನಡೆಯಿಸುವ ಏರ್ಪಾಡಿಗೆ ವರ್ಚುವಲ್ ಮೆಷೀನ್ ಎಂದು ಹೆಸರು. ನಾವು ಇಲ್ಲಿ ಅದನ್ನು ಕಲ್ಪಿತ ಗಣಕವೆಂದು ಕರೆಯೋಣ. ಈ ಕಲ್ಪನೆ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಐಬಿಎಂ ಸಂಸ್ಥೆಯು 1960ರ ದಶಕದಲ್ಲಿಯೇ ತನ್ನ ಕೇಂಬ್ರಿಜ್ ಪ್ರಯೋಗಶಾಲೆಯಲ್ಲಿ ಇದನ್ನು ಸಾಧಿಸಿ, 1972ರಲ್ಲಿ ವಿಎಂ/370 ಎಂಬ ಹೆಸರಿನಿಂದ ಗ್ರಾಹಕರಿಗೆ ಒದಗಿಸಿತು. ಮೇಜಿನ ಮೇಲಿನ ಸಣ್ಣ ಗಣಕಗಳಿಗೆ ಈ ಸೌಕರ್ಯವನ್ನು ತಂದ ವಿಎಂವೇರ್ ಹೊರಬಂದದ್ದು 1999ರಲ್ಲಿ. ಹಣವಿಲ್ಲದೆ ದೊರೆಯುವ ವರ್ಚುವಲ್‌ಬಾಕ್ಸ್ 2007ರಲ್ಲಿ. ಆಶ್ರಯ ಕೊಟ್ಟ ನಿಜವಾದ ಗಣಕಕ್ಕೆ ಆತಿಥೇಯವೆಂದೂ ಒಳಗೆ ನಡೆಯುವ ಕಲ್ಪಿತ ಗಣಕಕ್ಕೆ ಅತಿಥಿಯೆಂದೂ ಹೆಸರು.

ಇದರಿಂದೇನು ಪ್ರಯೋಜನವೆಂದು ವಾಚಕರು ಕೇಳಬಹುದು. ಉದಾಹರಣೆಗೆಂದು ನಮ್ಮ ನಾಡಿನ ಒಂದು ಸಣ್ಣ ಮುದ್ರಣಾಲಯವನ್ನು ಊಹಿಸಿಕೊಳ್ಳೋಣ. ಇಪ್ಪತ್ತು ವರ್ಷಗಳ ಹಿಂದೆ ಅಲ್ಲಿ ಕನ್ನಡ ಪುಸ್ತಕಗಳ ಪುಟಗಳನ್ನು ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ ಕಟ್ಟುತ್ತಿದ್ದರು. ಅದರ ಕೊನೆಯ ಮುಖ್ಯ ಆವೃತ್ತಿಯಾದ 7.0 ಹೊರಟದ್ದು 2001ರಲ್ಲಿ. ಅಂದಿನ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗಿತ್ತು. ಆದುದರಿಂದ ಆ ಫಾಂಟು ಇಲ್ಲದ ಗಣಕದಲ್ಲಿ ಅದೇ ಪುಟವನ್ನು ತೆರೆದರೆ ಕನ್ನಡಕ್ಕೆ ಬದಲಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಹೀಗಾಗಿ ಹಳೆಯ ಪುಸ್ತಕದ ಮರುಮುದ್ರಣ ಬೇಕಾದಾಗಲೆಲ್ಲ ಹಳೆಯ ತಂತ್ರಾಂಶ, ಹಳೆಯ ಫಾಂಟು, ಅವುಗಳಿಗೆ ಒಗ್ಗಿದ ವಿಂಡೋಸ್ ಎಕ್ಸ್‌ಪಿ ಇಷ್ಟೂ ಬೇಕು. ಹಳೆಯ ಗಣಕವೋ ಸವೆದುಹೋಗಿದೆ. ಮುದ್ರಣಾಲಯದವರು ವಿಂಡೋಸ್ 11 ಇರುವ ಹೊಸ ಗಣಕವನ್ನು ಕೊಂಡು, ಅದರೊಳಗೆ ವರ್ಚುವಲ್‌ಬಾಕ್ಸಿನ ಮೂಲಕ ಎಕ್ಸ್‌ಪಿಯನ್ನು ಅತಿಥಿಯಾಗಿ ನೆಲೆಗೊಳಿಸಿದ್ದಾರೆ.

ಪುಟಗಳೇನೋ ಅತಿಥಿಯಲ್ಲಿ ಸೊಗಸಾಗಿ ತೆರೆದುಕೊಂಡವು. ಅವನ್ನು ಪಿಡಿಎಫ್ ಕಡತಗಳನ್ನಾಗಿ ಮಾಡಿದ್ದೂ ಆಯಿತು. ಇನ್ನು ಅವು ಪಕ್ಕದ ಕೋಣೆಯ ಸರ್ವರಿಗೆ ಹೋಗಬೇಕು; ಅಚ್ಚಿಗೆ ಕಳುಹಿಸುವವರು ತೆಗೆದುಕೊಳ್ಳುವುದು ಅಲ್ಲಿಂದ. ಆದರೆ ಅತಿಥಿಯಲ್ಲಿ ಸರ್ವರಿನ ಹೆಸರನ್ನು ಬರೆದು ಒತ್ತಿದರೆ, ಜಾಲದ ಹಾದಿ ಸಿಗಲಿಲ್ಲ ಎಂಬ ಅರ್ಥದ ಸಂದೇಶವೂ 53 ಎಂಬ ಅಂಕಿಯೂ ಬರುತ್ತವೆ. ಆ ಪುಟಗಳು ಹೊರಬರದಿದ್ದರೆ ಪುಸ್ತಕದ ಅಕ್ಷರಜೋಡಣೆಯನ್ನು ಮೊದಲಿನಿಂದ ಮಾಡಬೇಕು. ಅದು ತಿಂಗಳುಗಟ್ಟಲೆಯ ಕೆಲಸ. ಕರಡು ತಿದ್ದಿದ ಲೇಖಕರು ಇಂದು ಇರುವರೋ ಇಲ್ಲವೋ.

ಕಡತ ಹಂಚಿಕೆಯ ಆರು ಮೆಟ್ಟಿಲು

ಒಂದು ಗಣಕವು ಮತ್ತೊಂದರ ಡಿಸ್ಕಿನಲ್ಲಿರುವ ಕಡತವನ್ನು ತನ್ನದೇ ಎಂಬಂತೆ ತೆರೆಯಬೇಕಾದರೆ ಇಬ್ಬರಿಗೂ ತಿಳಿದ ಒಂದು ಸಂಭಾಷಣಾಕ್ರಮ ಬೇಕು. ವಿಂಡೋಸ್ ಗಣಕಗಳ ಪ್ರಪಂಚದಲ್ಲಿ ಅದರ ಹೆಸರು ಸರ್ವರ್ ಮೆಸೇಜ್ ಬ್ಲಾಕ್, ಸಂಕ್ಷೇಪವಾಗಿ ಎಸ್‌ಎಂಬಿ. ಇದು ಐಬಿಎಂನಲ್ಲಿ 1980ರ ದಶಕದ ಆರಂಭದಲ್ಲಿ ಹುಟ್ಟಿ, ಮೈಕ್ರೋಸಾಫ್ಟಿನ ಕೈಯಲ್ಲಿ ಬೆಳೆಯಿತು. ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ ಅವರು ಜಾಲದಲ್ಲಿ ಹರಿಯುವ ಸಂದೇಶಗಳನ್ನು ಗಮನಿಸಿ ಗಮನಿಸಿಯೇ ಇದರ ವ್ಯಾಕರಣವನ್ನು ಅರಿತು, 1990ರ ದಶಕದ ಮೊದಲಲ್ಲಿ ಯುನಿಕ್ಸ್ ಗಣಕಗಳಿಗೂ ಇದೇ ಭಾಷೆಯನ್ನು ಕಲಿಸಿದರು. ಎಸ್, ಎಂ, ಬಿ ಎಂಬ ಮೂರು ಅಕ್ಷರಗಳು ಅನುಕ್ರಮವಾಗಿ ಬರುವ ಪದವನ್ನು ನಿಘಂಟಿನಲ್ಲಿ ಹುಡುಕಿ ಅವರು ತಮ್ಮ ತಂತ್ರಾಂಶಕ್ಕೆ ಸಾಂಬಾ ಎಂದು ಹೆಸರಿಟ್ಟರು.

ಈ ಸಂಭಾಷಣೆಯು ಸಫಲವಾಗಲು ಆರು ಮೆಟ್ಟಿಲುಗಳನ್ನು ಹತ್ತಬೇಕು. ಮೊದಲನೆಯದು ಹೆಸರು: ಸರ್ವರಿನ ಹೆಸರಿನಿಂದ ಅದರ ಅಂಕಿಯ ವಿಳಾಸ ತಿಳಿಯಬೇಕು. ಎರಡನೆಯದು ದಾರಿ: ಆ ವಿಳಾಸದವರೆಗೆ ಸಂದೇಶ ಹೋಗಿ ಮರಳಬೇಕು. ಮೂರನೆಯದು ಬಾಗಿಲು: ಹೋದ ಮೇಲೆ ಕಡತ ಹಂಚಿಕೆಗೆ ಮೀಸಲಾದ ಬಾಗಿಲು ತೆರೆದಿರಬೇಕು. ನಾಲ್ಕನೆಯದು ಭಾಷೆ: ಇಬ್ಬರೂ ಒಂದೇ ತಲೆಮಾರಿನ ಎಸ್‌ಎಂಬಿಯನ್ನು ಆಡಬೇಕು. ಐದನೆಯದು ಗುರುತು: ಬಂದವನು ಯಾರೆಂಬುದು ಸಿದ್ಧವಾಗಬೇಕು. ಆರನೆಯದು ಅಧಿಕಾರ: ಗುರುತಿಸಲ್ಪಟ್ಟವನಿಗೆ ಆ ಫೋಲ್ಡರಿನಲ್ಲಿ ಓದುವ, ಬರೆಯುವ ಹಕ್ಕಿರಬೇಕು. ಕೆಳಗಿನ ಮೆಟ್ಟಿಲು ಮುರಿದಿರುವಾಗ ಮೇಲಿನದನ್ನು ರಿಪೇರಿ ಮಾಡುವುದು ವ್ಯರ್ಥ. ದಾರಿಯೇ ಇಲ್ಲದಿರುವಾಗ ಪಾಸ್‌ವರ್ಡನ್ನು ಬದಲಾಯಿಸಿ ಫಲವೇನು?

ಮೆಟ್ಟಿಲುಗಳನ್ನು ಹತ್ತುವ ಮೊದಲು ಒಂದು ಪರೀಕ್ಷೆಯನ್ನು ಮಾಡತಕ್ಕದ್ದು. ಅದೇ ಸರ್ವರಿನ ಅದೇ ಫೋಲ್ಡರನ್ನು ಆತಿಥೇಯ ಗಣಕದಿಂದ ತೆರೆದು ನೋಡುವುದು. ಅಲ್ಲಿಯೂ ತೆರೆಯದಿದ್ದರೆ ಕಲ್ಪಿತ ಗಣಕವನ್ನು ದೂಷಿಸಲು ಕಾರಣವಿಲ್ಲ. ತೊಂದರೆ ಸರ್ವರಿನಲ್ಲಿಯೋ ಕಛೇರಿಯ ಜಾಲದಲ್ಲಿಯೋ ಇದೆ. ಅಲ್ಲಿ ತೆರೆದು ಅತಿಥಿಯಲ್ಲಿ ಮಾತ್ರ ತೆರೆಯದಿದ್ದರೆ ನಾವು ಹುಡುಕಬೇಕಾದ ಪ್ರದೇಶವು ಒಮ್ಮೆಗೇ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನಮ್ಮ ಮುದ್ರಣಾಲಯದಲ್ಲಿ ಆತಿಥೇಯಕ್ಕೆ ಫೋಲ್ಡರು ತೆರೆಯಿತೆಂದು ಇಟ್ಟುಕೊಳ್ಳೋಣ.

ಹೆಸರು: ಡಂಗುರ ಕೇಳದ ಮನೆ

ಸಣ್ಣ ಕಛೇರಿಗಳಲ್ಲಿ ಹಳೆಯ ವಿಂಡೋಸ್ ಗಣಕಗಳು ಹೆಸರು ಕೂಗಿಯೇ ಒಂದನ್ನೊಂದು ಗುರುತಿಸುತ್ತಿದ್ದವು. ಅಚ್ಚು ಎಂಬ ಹೆಸರಿನ ಗಣಕವು ಯಾರು ಎಂದು ಒಂದು ಯಂತ್ರವು ಜಾಲದ ಎಲ್ಲರಿಗೂ ಕೇಳುವಂತೆ ಪ್ರಶ್ನಿಸುವುದು. ಆ ಹೆಸರಿನದು ತನ್ನ ಅಂಕಿಯ ವಿಳಾಸವನ್ನು ಹೇಳಿ ಉತ್ತರಿಸುವುದು. ಇದು ಊರಿನಲ್ಲಿ ಡಂಗುರ ಹೊಡೆಸಿದಂತೆ. ಡಂಗುರವು ಆ ಊರಿನ ಗಡಿಯೊಳಗೆ ಮಾತ್ರ ಕೇಳುತ್ತದೆ. ಅತಿಥಿ ಗಣಕವನ್ನು ವರ್ಚುವಲ್‌ಬಾಕ್ಸು ಸಾಮಾನ್ಯವಾಗಿ ಕಛೇರಿಯ ಜಾಲದೊಳಗೆ ಇಡದೆ, ತಾನೇ ನಿರ್ಮಿಸಿದ ಸಣ್ಣ ಬೇಲಿಯೊಳಗೆ ಇಡುತ್ತದೆ. ಅಲ್ಲಿಂದ ಕೂಗಿದ ಕೂಗು ಕಛೇರಿಯ ಸರ್ವರಿಗೆ ಮುಟ್ಟುವುದಿಲ್ಲ.

ಇದನ್ನು ಪರೀಕ್ಷಿಸುವ ವಿಧಾನ ಅತಿ ಸುಲಭ. ಹೆಸರಿಗೆ ಬದಲಾಗಿ ಸರ್ವರಿನ ಅಂಕಿಯ ವಿಳಾಸವನ್ನೇ, ಉದಾಹರಣೆಗೆ 192.168.1.20 ಎಂಬುದನ್ನು, ಎರಡು ಓರೆಗೆರೆಗಳ ಮುಂದೆ ಬರೆದು ನೋಡಿದರಾಯಿತು. ಅಂಕಿಯಿಂದ ತೆರೆದು ಹೆಸರಿನಿಂದ ತೆರೆಯದಿದ್ದರೆ ತೊಂದರೆ ಮೊದಲನೆಯ ಮೆಟ್ಟಿಲಿನಲ್ಲಿಯೇ ಇದೆ, ಮೇಲಿನ ಐದೂ ಗಟ್ಟಿಯಾಗಿವೆ ಎಂದು ತಿಳಿಯಬೇಕು. ಆಗ ಅಂಕಿಯನ್ನೇ ಬಳಸುತ್ತ ಹೋಗಬಹುದು. ಅಥವಾ ಅತಿಥಿಯಲ್ಲಿರುವ ಹೋಸ್ಟ್ಸ್ ಎಂಬ ಸಣ್ಣ ಕಡತದಲ್ಲಿ ಹೆಸರನ್ನೂ ಅಂಕಿಯನ್ನೂ ಒಂದು ಸಾಲಿನಲ್ಲಿ ಬರೆದಿಡಬಹುದು. ಅಂಕಿಯಿಂದಲೂ ತೆರೆಯದಿದ್ದರೆ ಎರಡನೆಯ ಮೆಟ್ಟಿಲಿಗೆ ನಡೆಯಬೇಕು. ನಮ್ಮ ಉದಾಹರಣೆಯಲ್ಲಿ ಅಂಕಿಯಿಂದಲೂ ತೆರೆಯಲಿಲ್ಲ.

ದಾರಿ: ಬೇಲಿಯೋ ಸೇತುವೆಯೋ

ಅತಿಥಿಯಲ್ಲಿ ಐಪಿಕಾನ್ಫಿಗ್ ಎಂಬ ಆಜ್ಞೆಯನ್ನು ಕೊಟ್ಟರೆ ಅದಕ್ಕೆ ದೊರೆತಿರುವ ವಿಳಾಸ ಕಾಣುತ್ತದೆ. ವರ್ಚುವಲ್‌ಬಾಕ್ಸಿನಲ್ಲಿ ಅದು ಸಾಮಾನ್ಯವಾಗಿ 10.0.2.15 ಆಗಿರುತ್ತದೆ. ವಿಳಾಸವು 169.254 ಎಂದು ಆರಂಭವಾಗಿದ್ದರೆ ಅತಿಥಿಗೆ ಯಾರೂ ವಿಳಾಸವನ್ನೇ ಕೊಟ್ಟಿಲ್ಲವೆಂದು ಅರ್ಥ. ಅದು ತನ್ನಷ್ಟಕ್ಕೆ ತಾನೇ ಒಂದನ್ನು ಇಟ್ಟುಕೊಂಡಿದೆ. ಆಗ ಕಲ್ಪಿತ ಗಣಕದ ಕಲ್ಪಿತ ತಂತಿಯು ಸೇರಿದೆಯೇ, ಜಾಲಕ್ಕೆ ಬೇಕಾದ ಚಾಲಕ ತಂತ್ರಾಂಶ ಇದೆಯೇ ಎಂದು ನೋಡಬೇಕು.

10.0.2.15 ಎಂಬ ವಿಳಾಸವು ಅತಿಥಿಯು ನ್ಯಾಟ್ ಎಂಬ ಏರ್ಪಾಡಿನಲ್ಲಿ ಇದೆಯೆಂಬುದನ್ನು ಸೂಚಿಸುತ್ತದೆ. ಇದರ ಸ್ವರೂಪ ಹೀಗೆ: ಮನೆಯೊಳಗಿನವರು ಬರೆದ ಕಾಗದಗಳನ್ನೆಲ್ಲ ಮನೆಯ ಯಜಮಾನನು ತನ್ನ ವಿಳಾಸ ಬರೆದು ಅಂಚೆಗೆ ಹಾಕುತ್ತಾನೆ. ಉತ್ತರ ಬಂದಾಗ ಅದು ಯಾರ ಕಾಗದಕ್ಕೆ ಬಂದ ಉತ್ತರವೆಂದು ನೆನಪಿಟ್ಟುಕೊಂಡು ಅವರಿಗೆ ತಲುಪಿಸುತ್ತಾನೆ. ಆದರೆ ತಾನಾಗಿ ಹೊರಗಿನಿಂದ ಬಂದ ಕಾಗದವನ್ನು ಯಾರಿಗೆ ಕೊಡಬೇಕೆಂಬುದು ಅವನಿಗೆ ತಿಳಿಯದು. ಆದುದರಿಂದ ನ್ಯಾಟ್‌ನಲ್ಲಿ ಅತಿಥಿಯು ಕಛೇರಿಯ ಸರ್ವರನ್ನು ಮುಟ್ಟಬಲ್ಲದು. ಕಛೇರಿಯ ಇತರ ಗಣಕಗಳು ಅತಿಥಿಯನ್ನು ಮುಟ್ಟಲಾರವು. ಅತಿಥಿಯ ಫೋಲ್ಡರನ್ನು ಹೊರಗಿನವರಿಗೆ ತೋರಿಸಬೇಕೆಂದಿದ್ದಾಗ ಈ ಏಕಮುಖ ದಾರಿಯೇ ಅಡ್ಡಿ. ನಮ್ಮ ಪ್ರಸಂಗದಲ್ಲಾದರೋ ಅತಿಥಿಯೇ ಹೊರಗೆ ಹೋಗಬೇಕಾದದ್ದು. ನ್ಯಾಟ್ ಅದಕ್ಕೆ ಅಡ್ಡಿಯಲ್ಲ. ಕಛೇರಿಯ ಜಾಲವೇ ಅಕಸ್ಮಾತ್ತಾಗಿ 10.0.2 ಎಂಬ ಅಂಕಿಗಳನ್ನು ಬಳಸುತ್ತಿದ್ದರೆ ಮಾತ್ರ, ಸರ್ವರು ತನ್ನ ಬೇಲಿಯೊಳಗೇ ಇದೆಯೆಂದು ಅತಿಥಿಯು ಭ್ರಮಿಸಿ ಅಲ್ಲಿಯೇ ಹುಡುಕಿ ಸೋಲುವುದು.

ಇದನ್ನು ಬಿಟ್ಟು ಇನ್ನೊಂದು ಏರ್ಪಾಡು ಉಂಟು. ಅದಕ್ಕೆ ಬ್ರಿಜ್ ಅಥವಾ ಸೇತುವೆಯೆಂದು ಹೆಸರು. ಸೇತುವೆ ಹಾಕಿದರೆ ಅತಿಥಿಯು ಬೇಲಿಯನ್ನು ಬಿಟ್ಟು ಕಛೇರಿಯ ಜಾಲಕ್ಕೇ ಬರುತ್ತದೆ, ರೂಟರಿನಿಂದ ತನ್ನದೇ ವಿಳಾಸವನ್ನು ಪಡೆಯುತ್ತದೆ, ಡಂಗುರವೂ ಕೇಳಿಸುತ್ತದೆ. ತೊಂದರೆ ಬಂದೊಡನೆ ಸೇತುವೆ ಹಾಕಿಬಿಡಿ ಎಂಬ ಸಲಹೆ ಎಲ್ಲೆಡೆಯೂ ಕೇಳಿಬರುತ್ತದೆ. ಆದರೆ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಸಾಮಾನ್ಯ ರಕ್ಷಣೆ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ಅಂಥ ಗಣಕವನ್ನು ಜಾಲದ ಎಲ್ಲ ಯಂತ್ರಗಳ ಕೈಗೆಟುಕುವಂತೆ ನಿಲ್ಲಿಸುವುದು ಉಚಿತವಲ್ಲ. ಇಲ್ಲಿ ನ್ಯಾಟ್ ಎಂಬ ಬೇಲಿಯು ಅಡ್ಡಿಯಂತೆ ಕಂಡರೂ ಅದು ಕಾವಲು. ಅಡ್ಡಿಯು ಅದೇ ಎಂದು ಸಿದ್ಧವಾಗುವವರೆಗೆ ಅದನ್ನು ಕೀಳಬಾರದು.

ಬಾಗಿಲು: ಪಿಂಗ್ ಹೇಳುವುದೂ ಹೇಳದಿರುವುದೂ

ದಾರಿಯನ್ನು ಪರೀಕ್ಷಿಸಲು ಬಹುಮಂದಿ ಬಳಸುವುದು ಪಿಂಗ್ ಎಂಬ ಆಜ್ಞೆ. ಅಮೆರಿಕದ ಮೈಕ್ ಮ್ಯೂಸ್ ಅವರು ಇದನ್ನು ಬರೆದದ್ದು 1983ರ ಡಿಸೆಂಬರಿನಲ್ಲಿ. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರ್ ಯಂತ್ರದ ಧ್ವನಿಯೇ ಈ ಹೆಸರಿಗೆ ಮೂಲ. ಸರ್ವರಿನ ವಿಳಾಸಕ್ಕೆ ಪಿಂಗ್ ಕಳುಹಿಸಿ, ಪ್ರತಿಧ್ವನಿ ಬಂದರೆ ದಾರಿ ಇದೆಯೆಂದು ತಿಳಿಯಬಹುದು. ಆದರೆ ಪ್ರತಿಧ್ವನಿ ಬರದಿದ್ದರೆ ದಾರಿ ಇಲ್ಲವೆಂದು ನಿರ್ಧರಿಸುವಂತಿಲ್ಲ. ವಿಂಡೋಸಿನ ಫೈರ್‌ವಾಲ್ ಹಲವು ಸಂದರ್ಭಗಳಲ್ಲಿ ಪಿಂಗ್‌ಗೆ ಉತ್ತರ ಕೊಡದಂತೆ ತಡೆಯುತ್ತದೆ. ಹಾಗೆಯೇ ಪ್ರತಿಧ್ವನಿ ಬಂದ ಮಾತ್ರಕ್ಕೆ ಕಡತ ಹಂಚಿಕೆಯ ಬಾಗಿಲು ತೆರೆದಿದೆಯೆಂದೂ ಹೇಳಲಾಗದು. ಮನೆಯೊಳಗೆ ಜನರಿದ್ದಾರೆಂಬುದು ಒಂದು. ಬೀದಿಬಾಗಿಲು ತೆರೆದಿದೆಯೆಂಬುದು ಇನ್ನೊಂದು.

ಗಣಕದ ಬಾಗಿಲುಗಳಿಗೆ ಪೋರ್ಟುಗಳೆಂದು ಹೆಸರು. ಅವನ್ನು ಅಂಕಿಗಳಿಂದ ಗುರುತಿಸುತ್ತಾರೆ. ಎಸ್‌ಎಂಬಿಗೆ ಮೀಸಲಾದದ್ದು 445. ಅದಕ್ಕಿಂತ ಹಳೆಯ ಪದ್ಧತಿಯಲ್ಲಿ 139ನೆಯ ಬಾಗಿಲೂ ಬಳಕೆಯಲ್ಲಿತ್ತು. ಎಕ್ಸ್‌ಪಿಯಲ್ಲಿ ಟೆಲ್‌ನೆಟ್ ಎಂಬ ಆಜ್ಞೆಯ ಮುಂದೆ ಸರ್ವರಿನ ವಿಳಾಸವನ್ನೂ 445 ಎಂಬ ಅಂಕಿಯನ್ನೂ ಬರೆದರೆ, ಬಾಗಿಲು ತೆರೆದಿದ್ದಲ್ಲಿ ತೆರೆಯು ಬರಿದಾಗುತ್ತದೆ; ಮುಚ್ಚಿದ್ದಲ್ಲಿ ಸಂಪರ್ಕ ಸಾಧ್ಯವಾಗಲಿಲ್ಲವೆಂಬ ಉತ್ತರ ಬರುತ್ತದೆ. ಬಾಗಿಲು ಮುಚ್ಚಿದ್ದರೆ ಮೊದಲು ಶಂಕಿಸಬೇಕಾದದ್ದು ಸರ್ವರಿನ ಫೈರ್‌ವಾಲನ್ನು. ವಿಂಡೋಸು ತನ್ನ ಜಾಲವನ್ನು ಸಾರ್ವಜನಿಕವೆಂದು ತಿಳಿದಿದ್ದರೆ ಹಂಚಿಕೆಯ ಬಾಗಿಲನ್ನು ಮುಚ್ಚಿಡುತ್ತದೆ. ಖಾಸಗಿಯೆಂದು ತಿಳಿಸಿ, ಹಂಚಿಕೆಗೆ ಅನುಮತಿ ಕೊಟ್ಟರೆ ತೆರೆಯುತ್ತದೆ. ಫೈರ್‌ವಾಲನ್ನೇ ಆರಿಸಿಬಿಡುವುದು ಇದಕ್ಕೆ ತಕ್ಕ ಮದ್ದಲ್ಲ. ಒಂದು ಬಾಗಿಲು ಬೇಕೆಂದು ಗೋಡೆಯನ್ನು ಕೆಡವಿದಂತೆ ಆಗುತ್ತದೆ.

ನಮ್ಮ ಪ್ರಸಂಗದಲ್ಲಿ ಒಂದು ತರ್ಕವು ಶ್ರಮವನ್ನು ಉಳಿಸುತ್ತದೆ. ನ್ಯಾಟ್‌ನಲ್ಲಿ ಅತಿಥಿಯ ಸಂದೇಶಗಳು ಆತಿಥೇಯದ ವಿಳಾಸದಿಂದಲೇ ಹೊರಡುವುವೆಂದು ಮೇಲೆ ಹೇಳಿದೆವು. ಆತಿಥೇಯಕ್ಕೆ ಬಾಗಿಲು ತೆರೆದ ಸರ್ವರು, ಅದೇ ವಿಳಾಸದಿಂದ ಬಂದ ಅತಿಥಿಗೆ ಮಾತ್ರ ಮುಚ್ಚುವುದಕ್ಕೆ ಕಾರಣವಿಲ್ಲ. ಆದುದರಿಂದ ಸರ್ವರಿನ ಫೈರ್‌ವಾಲ್ ನಿರಪರಾಧಿ. ಟೆಲ್‌ನೆಟ್ ಪರೀಕ್ಷೆಯೂ ಇದನ್ನೇ ಹೇಳಿತು: ತೆರೆಯು ಬರಿದಾಯಿತು, ಬಾಗಿಲು ತೆರೆದಿದೆ. ಮೂರು ಮೆಟ್ಟಿಲು ಹತ್ತಿದೆವು. ಒಂದು ತಿರುಪನ್ನೂ ತಿರುಗಿಸಲಿಲ್ಲ. ಹಾಗಾದರೆ ತೊಡಕು ಎಲ್ಲಿದೆ?

ಭಾಷೆ: ತಲೆಮಾರುಗಳ ಅಂತರ

ಬಾಗಿಲು ತೆರೆದೊಡನೆ ಅತಿಥಿಯು ತನಗೆ ಬರುವ ಎಸ್‌ಎಂಬಿ ಪ್ರಭೇದಗಳ ಪಟ್ಟಿಯನ್ನು ಮುಂದಿಡುತ್ತದೆ. ಅದರಲ್ಲಿ ತನಗೂ ಬರುವ ಅತ್ಯಂತ ಹೊಸದನ್ನು ಸರ್ವರು ಆರಿಸುತ್ತದೆ. ಇಬ್ಬರಿಗೂ ಸಮಾನವಾದದ್ದು ಒಂದೂ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಎಸ್‌ಎಂಬಿಯ ಎರಡನೆಯ ತಲೆಮಾರು ಬಂದದ್ದು ವಿಂಡೋಸ್ ವಿಸ್ಟಾದೊಡನೆ. ಮೂರನೆಯದು 2012ರಲ್ಲಿ ವಿಂಡೋಸ್ 8ರೊಡನೆ. 2001ರ ಎಕ್ಸ್‌ಪಿ ಬಲ್ಲದ್ದು ಮೊದಲನೆಯ ತಲೆಮಾರನ್ನು ಮಾತ್ರ. ಅತ್ತ 2017ರ ಅಕ್ಟೋಬರಿನಿಂದೀಚೆಗಿನ ವಿಂಡೋಸ್ 10ರಲ್ಲಿಯೂ ವಿಂಡೋಸ್ 11ರಲ್ಲಿಯೂ ಹೊಸದಾಗಿ ಹೂಡಿದಾಗ ಮೊದಲನೆಯ ತಲೆಮಾರಿನ ಸರ್ವರ್ ಭಾಗವು ಇರುವುದೇ ಇಲ್ಲ. 2019ರ ಸಾಂಬಾ 4.11 ಕೂಡ ಅದನ್ನು ತಾನಾಗಿ ಒಪ್ಪುವುದನ್ನು ನಿಲ್ಲಿಸಿತು. ಅಜ್ಜನ ಮಾತು ಮೊಮ್ಮಗನಿಗೆ ತಿಳಿಯದಾಗಿದೆ. ಮೊಮ್ಮಗನ ಮಾತು ಅಜ್ಜನಿಗೆ ಹೊಸದು. ನಮ್ಮ ಮುದ್ರಣಾಲಯದ ತೊಡಕು ಇದೇ.

ಇಲ್ಲಿ ಗಣಕವು ಕೊಡುವ ಸಂದೇಶಗಳು ನಮ್ಮನ್ನು ದಾರಿ ತಪ್ಪಿಸುವುದುಂಟು. ಲಿನಕ್ಸ್ ಗಣಕದಿಂದ, ಹಳೆಯ ಭಾಷೆಯನ್ನಷ್ಟೇ ಬಲ್ಲ ಪೆಟ್ಟಿಗೆಯೊಂದನ್ನು ಸೇರಲು ಹೋದರೆ 112 ಎಂಬ ಅಂಕಿಯೊಡನೆ, ಎದುರಿನ ಗಣಕ ಸ್ತಬ್ಧವಾಗಿದೆ ಎಂಬ ಅರ್ಥದ ಸಂದೇಶ ಬರುತ್ತದೆ. ಗಣಕವು ಜೀವಂತವಾಗಿಯೇ ಇರುತ್ತದೆ. ಪಿಂಗ್‌ಗೆ ಉತ್ತರಿಸುತ್ತಲೂ ಇರುತ್ತದೆ. ಕೆಳಗಿನ ಮೂರು ಮೆಟ್ಟಿಲುಗಳನ್ನು ಪರೀಕ್ಷಿಸಿದವನು ಮಾತ್ರ ಇಂಥ ಸಂದೇಶಕ್ಕೆ ಮರುಳಾಗುವುದಿಲ್ಲ.

ಈಗ ಸುಲಭದ ಉಪಾಯವೊಂದು ಕಣ್ಣಿಗೆ ಬೀಳುತ್ತದೆ. ವಿಂಡೋಸಿನ ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿ ಎಸ್‌ಎಂಬಿ 1.0 ಎಂಬ ಸಾಲಿನ ಮುಂದೆ ಒಂದು ಗುರುತು ಹಾಕಿ ಸರ್ವರನ್ನು ಮತ್ತೆ ಚಾಲೂ ಮಾಡಿದರೆ ಅಜ್ಜನ ಭಾಷೆ ಮರಳಿ ಬರುತ್ತದೆ. ಪುಟಗಳು ಐದೇ ನಿಮಿಷದಲ್ಲಿ ಸರ್ವರಿಗೆ ಹೋಗುತ್ತವೆ. ಇದನ್ನು ಮಾಡಬಾರದೇಕೆ ಎಂಬುದಕ್ಕೆ ಉತ್ತರ 2017ರ ಇತಿಹಾಸದಲ್ಲಿದೆ. ಆ ವರ್ಷದ ಮಾರ್ಚ್ 14ರಂದು ಮೈಕ್ರೋಸಾಫ್ಟು, ವಿಂಡೋಸಿನ ಮೊದಲ ತಲೆಮಾರಿನ ಎಸ್‌ಎಂಬಿಯಲ್ಲಿ ಕಂಡುಬಂದ ಬಿರುಕುಗಳಿಗೆ ತೇಪೆಯನ್ನು ಹಂಚಿತು. ಬಹುಮಂದಿ ಅದನ್ನು ಹಾಕಿಕೊಳ್ಳಲಿಲ್ಲ. ಮೇ 12ರಂದು ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು ಅದೇ ಬಿರುಕಿನಿಂದ ನುಗ್ಗಿ, ಯಾರೂ ಏನನ್ನೂ ಒತ್ತದೆಯೇ ಗಣಕದಿಂದ ಗಣಕಕ್ಕೆ ತಾನಾಗಿ ಹಬ್ಬಿ, ಕಡತಗಳನ್ನೆಲ್ಲ ಬೀಗ ಹಾಕಿ, ಬಿಡುಗಡೆಗೆ ಹಣ ಕೇಳಿತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳಲ್ಲಿ ಲಕ್ಷಾಂತರ ಗಣಕಗಳು ಅದಕ್ಕೆ ತುತ್ತಾದವು. ಅವುಗಳಲ್ಲಿ ಬಹುಪಾಲು ವಿಂಡೋಸ್ 7ರವು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ನಿಗದಿಯಾಗಿದ್ದ ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು.

ತೇಪೆ ಹಾಕಿದ ಇಂದಿನ ಗಣಕದಲ್ಲಿ ಆ ಒಂದು ಬಿರುಕು ಇಲ್ಲ, ನಿಜ. ಆದರೆ ಹಳೆಯ ಭಾಷೆಯಲ್ಲಿ ಮಾತನ್ನು ಗೂಢಲಿಪಿಯಾಗಿ ಮಾರ್ಪಡಿಸುವ ಏರ್ಪಾಡಿಲ್ಲ. ಸಂಭಾಷಣೆಯ ಆರಂಭದಲ್ಲಿಯೇ ಮಧ್ಯವರ್ತಿಯೊಬ್ಬನು ಸೇರಿಕೊಂಡರೆ ಕಂಡುಹಿಡಿಯುವ ಸಾಮರ್ಥ್ಯವಿಲ್ಲ. ಇವೆರಡೂ ಮೂರನೆಯ ತಲೆಮಾರಿನಲ್ಲಿ ಬಂದ ಗುಣಗಳು. ಐದು ನಿಮಿಷದ ಕೆಲಸಕ್ಕಾಗಿ ಹಾಕಿದ ಗುರುತು ಐದು ವರ್ಷ ಹಾಗೆಯೇ ಉಳಿಯುವುದು ಲೋಕರೂಢಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿ ಪ್ರಯೋಜನವಿಲ್ಲ.

ಪಕ್ಕದ ಕಿಂಡಿ

ಹಾಗೆಂದು ಪುಟಗಳನ್ನು ಕೈಬಿಡಬೇಕಾಗಿಲ್ಲ. ಅತಿಥಿಯೂ ಆತಿಥೇಯವೂ ಒಂದೇ ಪೆಟ್ಟಿಗೆಯೊಳಗೆ ಇರುವುದರಿಂದ, ಅವುಗಳ ನಡುವೆ ಜಾಲವನ್ನು ಹೊಗದೆಯೇ ಕಡತಗಳನ್ನು ದಾಟಿಸುವ ಕಿಂಡಿಯೊಂದನ್ನು ವರ್ಚುವಲ್‌ಬಾಕ್ಸು ಒದಗಿಸುತ್ತದೆ. ಅತಿಥಿಯಲ್ಲಿ ಗೆಸ್ಟ್ ಅಡಿಷನ್ಸ್ ಎಂಬ ಪೂರಕ ತಂತ್ರಾಂಶವನ್ನು ಹೂಡಿ, ಆತಿಥೇಯದ ಒಂದು ಫೋಲ್ಡರನ್ನು ಹಂಚಿಕೆಯದೆಂದು ಸೂಚಿಸಿದರೆ, ಅತಿಥಿಯಲ್ಲಿ ಅದು ವಿಬಾಕ್ಸ್‌ಎಸ್‌ವಿಆರ್ ಎಂಬ ಸರ್ವರಿನ ಫೋಲ್ಡರಿನಂತೆ ಕಾಣುತ್ತದೆ. ಕಾಣುವುದು ಮಾತ್ರ ಜಾಲದ ಫೋಲ್ಡರಿನಂತೆ. ಅದಕ್ಕೆ ಎಸ್‌ಎಂಬಿಯೂ ಬೇಡ, 445ನೆಯ ಬಾಗಿಲೂ ಬೇಡ. ವಿಎಂವೇರ್‌ನಲ್ಲಿಯೂ ಇಂಥದೇ ಸೌಕರ್ಯವಿದೆ. ಈ ಕಿಂಡಿಗೆ ಇಡೀ ಡಿಸ್ಕನ್ನು ಒಪ್ಪಿಸದೆ, ಇದಕ್ಕಾಗಿಯೇ ಮಾಡಿದ ಒಂದು ಬರಿದಾದ ಫೋಲ್ಡರನ್ನು ಮಾತ್ರ ಕೊಡುವುದು ಲೇಸು.

ಪುಟಗಳು ಕಿಂಡಿಯ ಮೂಲಕ ಆತಿಥೇಯಕ್ಕೆ ಬಂದವು. ಆತಿಥೇಯವು ಇಂದಿನ ಭಾಷೆಯಲ್ಲಿ ಸರ್ವರಿನೊಡನೆ ಮಾತನಾಡಿ ಅವನ್ನು ಅಲ್ಲಿಗೆ ಸೇರಿಸಬಲ್ಲದು. ಇದರಿಂದ ಇನ್ನೊಂದು ಲಾಭವೂ ಉಂಟಾಯಿತು. ಎಕ್ಸ್‌ಪಿಗೆ ಇನ್ನು ಜಾಲದ ಅವಶ್ಯಕತೆಯೇ ಉಳಿಯಲಿಲ್ಲ. ವರ್ಚುವಲ್‌ಬಾಕ್ಸಿನ ಪಟ್ಟಿಯಲ್ಲಿ ಅದರ ಕಲ್ಪಿತ ತಂತಿಯನ್ನು ಕಳಚಿಬಿಡಬಹುದು. ಜಾಲವನ್ನು ಸರಿಪಡಿಸಲು ಹೊರಟು, ಅತಿಥಿಗೆ ಜಾಲವೇ ಬೇಡವೆಂಬ ತೀರ್ಮಾನಕ್ಕೆ ಬಂದೆವು. ತೊಡಕು ನಾಲ್ಕನೆಯ ಮೆಟ್ಟಿಲಿನದೆಂದು ಖಚಿತವಾದುದರಿಂದಲೇ ಈ ತೀರ್ಮಾನ ಸಾಧ್ಯವಾಯಿತು.

ಗುರುತು ಮತ್ತು ಅಧಿಕಾರ

ಉಳಿದ ಎರಡು ಮೆಟ್ಟಿಲುಗಳನ್ನು ಆತಿಥೇಯವು ಹತ್ತಬೇಕು. ಗುರುತಿನ ಮೆಟ್ಟಿಲಿನಲ್ಲಿ ಎಡವುವವರು ಸಾಮಾನ್ಯವಾಗಿ ಮೂರು ಬಗೆ. ಗಣಕವನ್ನು ತೆರೆಯಲು ಬಳಸುವ ನಾಲ್ಕಾರು ಅಂಕಿಗಳ ಪಿನ್ ಅನ್ನೇ ಇಲ್ಲಿಯೂ ಬರೆಯುವವರು ಒಂದು ಬಗೆ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸಲ್ಲುತ್ತದೆ. ಸರ್ವರು ಕೇಳುವುದು ಸರ್ವರಿನಲ್ಲಿರುವ ಖಾತೆಯ ಹೆಸರನ್ನೂ ಪಾಸ್‌ವರ್ಡನ್ನೂ. ಪಾಸ್‌ವರ್ಡೇ ಇಲ್ಲದ ಖಾತೆಯನ್ನು ಬಳಸಲೆತ್ನಿಸುವವರು ಇನ್ನೊಂದು ಬಗೆ. ಅಂಥ ಖಾತೆಗಳಿಗೆ ಜಾಲದ ಮೂಲಕ ಪ್ರವೇಶವನ್ನು ವಿಂಡೋಸು ಸಹಜವಾಗಿಯೇ ನಿರಾಕರಿಸುತ್ತದೆ. ಈಗಾಗಲೇ ಒಂದು ಹೆಸರಿನಿಂದ ಸರ್ವರನ್ನು ಸೇರಿದ್ದು, ಅದೇ ಕಾಲಕ್ಕೆ ಬೇರೊಂದು ಹೆಸರಿನಿಂದಲೂ ಸೇರಲು ಹೋಗುವವರು ಮೂರನೆಯ ಬಗೆ. ಆಗ 1219 ಎಂಬ ಅಂಕಿ ಕಾಣುತ್ತದೆ. ಮೊದಲಿನ ಸಂಪರ್ಕವನ್ನು ಬಿಡಿಸಿಕೊಂಡರೆ ಸರಿಹೋಗುತ್ತದೆ.

ನಮ್ಮ ಮುದ್ರಣಾಲಯದ ಆತಿಥೇಯವು ಸರ್ವರಿನ ಫೋಲ್ಡರನ್ನು ತೆರೆದು ಓದಿತು. ಆದರೆ ಪುಟಗಳನ್ನು ಅಲ್ಲಿ ಇಡಲು ಹೋದರೆ ಪ್ರವೇಶ ನಿರಾಕರಿಸಲಾಗಿದೆ ಎಂಬ ಉತ್ತರ ಬಂತೆಂದು ಭಾವಿಸೋಣ. ಇದು ಆರನೆಯ ಮೆಟ್ಟಿಲು. ವಿಂಡೋಸಿನಲ್ಲಿ ಅಧಿಕಾರವನ್ನು ಎರಡು ಕಡೆ ಬರೆದಿಡುತ್ತಾರೆ: ಹಂಚಿಕೆಗೆ ಸಂಬಂಧಿಸಿದ್ದು ಒಂದು, ಡಿಸ್ಕಿನ ಮೇಲಿನ ಫೋಲ್ಡರಿಗೆ ಸಂಬಂಧಿಸಿದ್ದು ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ನಡೆಯುತ್ತದೆ. ಡಿಸ್ಕಿನಲ್ಲಿ ಬರೆಯುವ ಹಕ್ಕನ್ನು ಧಾರಾಳವಾಗಿ ಕೊಟ್ಟಿದ್ದರೂ ಹಂಚಿಕೆಯಲ್ಲಿ ಓದಲು ಮಾತ್ರ ಎಂದಿದ್ದರೆ ಬರೆಯಲಾಗುವುದಿಲ್ಲ. ಎಲ್ಲರಿಗೂ ಸಂಪೂರ್ಣ ಅಧಿಕಾರ ಎಂದು ಬರೆದು ಕೈತೊಳೆದುಕೊಳ್ಳುವುದು ಇಲ್ಲಿನ ಎಮ್ಮೆಯ ಬರೆ. ಪುಟಗಳನ್ನು ಕಳುಹಿಸುವ ಒಬ್ಬರ ಖಾತೆಗೆ, ಆ ಒಂದು ಫೋಲ್ಡರಿನಲ್ಲಿ, ಬದಲಾಯಿಸುವ ಹಕ್ಕನ್ನು ಕೊಟ್ಟರೆ ಸಾಕು.

ಕೊನೆಯ ಮಾತು

ಮೇಲಿನ ವಿಚಾರದಿಂದ ಕೆಲವು ನಿಯಮಗಳನ್ನು ಸಂಗ್ರಹಿಸಬಹುದು. ಸಂದೇಶದಲ್ಲಿ ಬರುವ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. 53 ಬಂದರೆ ಕೆಳಗಿನ ಮೆಟ್ಟಿಲುಗಳತ್ತ ನೋಡಬೇಕು. 67 ಬಂದರೆ ಹಂಚಿಕೆಯ ಹೆಸರನ್ನು ತಪ್ಪಾಗಿ ಬರೆದಿರುವ ಸಂಭವವುಂಟು. 1326 ಬಂದರೆ ಗುರುತಿನಲ್ಲಿ ದೋಷ. 5 ಬಂದರೆ ಅಧಿಕಾರದಲ್ಲಿ. ಹಾದಿ ಸಿಗಲಿಲ್ಲ ಎಂಬುದೂ ಪ್ರವೇಶವಿಲ್ಲ ಎಂಬುದೂ ಒಂದೇ ಅಲ್ಲ. ಎರಡನೆಯದು ಬಂದಾಗ ನಾವು ಮನೆಯ ಬಾಗಿಲವರೆಗೆ ಹೋಗಿ ಒಳಗಿನವರೊಡನೆ ಮಾತನಾಡಿದ್ದೇವೆ, ಹಾದಿಯನ್ನು ಅಗೆಯಬೇಕಾದದ್ದಿಲ್ಲ. ಆದರೂ ಸಂದೇಶವನ್ನು ಸಾಕ್ಷಿಯಂತೆ ಕೇಳಬೇಕೇ ಹೊರತು ತೀರ್ಪಿನಂತೆ ಸ್ವೀಕರಿಸಬಾರದು. ಪರೀಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ ಮಾಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಅದರಿಂದ ಫಲ ಕಾಣದಿದ್ದರೆ ಅದನ್ನು ಮೊದಲಿನಂತೆಯೇ ಮಾಡಿ ಮುಂದೆ ಹೋಗಬೇಕು.

ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಮುಖ್ಯವೂ ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದೂ ಆಗಿದೆ. ಕಡತವು ಕಂಡೊಡನೆ ನಾವು ಸಂತೋಷದಿಂದ ಎದ್ದುಬಿಡುತ್ತೇವೆ. ಹುಡುಕುವಾಗ ಆರಿಸಿದ ಫೈರ್‌ವಾಲ್, ಹಾಕಿದ ಸೇತುವೆ, ಎಬ್ಬಿಸಿದ ಹಳೆಯ ಭಾಷೆ, ಎಲ್ಲರಿಗೂ ಬರೆದುಕೊಟ್ಟ ಅಧಿಕಾರ ಇವೆಲ್ಲ ಹಾಗೆಯೇ ಉಳಿಯುತ್ತವೆ. ಮುದ್ರಣಾಲಯದ ಹಳೆಯ ಪುಟಗಳನ್ನು ಉಳಿಸಲು ಹೊರಟವರು ಅವುಗಳನ್ನೇ ನಾಳೆ ಕಳ್ಳನ ಕೈಗೆ ಒಪ್ಪಿಸುವಂತಾಗಬಾರದು. ಬೇಕಾದ ಬಾಗಿಲನ್ನು ಬೇಕಾದಷ್ಟೇ ತೆರೆದು, ಬೇಡವಾದದ್ದನ್ನು ಮುಚ್ಚಿ, ಏನು ಮಾಡಿದೆವೆಂಬುದನ್ನು ಒಂದು ಕಾಗದದಲ್ಲಿ ದಿನಾಂಕದೊಡನೆ ಬರೆದಿಟ್ಟಾಗಲೇ ರಿಪೇರಿಯ ಕೆಲಸ ಮುಗಿಯಿತೆಂದು ಹೇಳಬಹುದು.